ಸಿವಿಲ್ ಕೇಸು ಬೇರೆ, ಸಿವಿಲ್ ಲಾ ಬೇರೆ: ಎಲ್‌ಎಲ್‌ಬಿ ಮೇಲೆ ಆನ್‌ಲೈನ್‌ನಲ್ಲಿ ಇನ್ನೊಂದು ಕಾನೂನು ಓದಬೇಕಾ?

ಕಳೆದ ತಿಂಗಳು ಒಂದು ಸಂಜೆ ನಮ್ಮ ಆಫೀಸಿಗೆ ಒಬ್ಬ ಹುಡುಗಿ ಬಂದಿದ್ದಳು. ಹಾಸನದಲ್ಲೇ ಎಲ್‌ಎಲ್‌ಬಿ ಓದುತ್ತಿದ್ದಾಳೆ, ಕೊನೆಯ ವರ್ಷ. ಊರು ಸಕಲೇಶಪುರದ ಕಡೆ. ಮೊಬೈಲ್‌ನಲ್ಲಿ ಒಂದು ಜಾಹೀರಾತು ತೆಗೆದು ತೋರಿಸಿದಳು. “ಮೇಡಂ, ಇದು ಫಾರಿನ್ ಯೂನಿವರ್ಸಿಟಿಯ ಸಿವಿಲ್ ಲಾ ಡಿಗ್ರಿ ಅಂತೆ. ಆನ್‌ಲೈನ್‌ನಲ್ಲೇ ಮುಗಿಸಬಹುದಂತೆ. ಮಾಡಿಕೊಂಡರೆ ಜಮೀನಿನ ಕೇಸುಗಳಿಗೆ ಅನುಕೂಲ ಆಗುತ್ತಾ?”

ಅವಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕೋರ್ಟುಗಳಲ್ಲಿ ಸಿವಿಲ್ ಅಂದರೆ ಭಾಗದ ದಾವೆ, ಬದುವಿನ ತಕರಾರು, ಇಂಜಂಕ್ಷನ್, ಹಣ ವಸೂಲಿ. ಕ್ರಿಮಿನಲ್ ಅಲ್ಲದ್ದೆಲ್ಲ ಸಿವಿಲ್. ಆದರೆ ಆ ಜಾಹೀರಾತಿನಲ್ಲಿದ್ದ ‘ಸಿವಿಲ್ ಲಾ’ ಬೇರೆಯದೇ ಸಂಗತಿ. ಅದು ಒಂದು ಬಗೆಯ ಕೇಸಿನ ಹೆಸರಲ್ಲ, ಇಡೀ ಒಂದು ಕಾನೂನು ಮನೆತನದ ಹೆಸರು. ಅವತ್ತು ಅವಳಿಗೆ ಅರ್ಧ ಗಂಟೆ ಹೇಳಿದ್ದು ಸಾಲಲಿಲ್ಲ. ಅವಳಂತೆ ಕೇಳುವವರು ಇನ್ನೂ ಇದ್ದಾರೆ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಓದುವುದು ಕಾಮನ್ ಲಾ ಮನೆತನದ ಕಾನೂನು. ಅದು ಇಂಗ್ಲೆಂಡಿನದು. ಅಲ್ಲಿ ರಾಜನ ನ್ಯಾಯಾಧೀಶರು ಒಂದೊಂದೇ ಕೇಸು ತೀರ್ಮಾನ ಮಾಡುತ್ತಾ ಹೋದರು. ಆ ತೀರ್ಪುಗಳೇ ಮುಂದಿನ ಕೇಸಿಗೆ ಕಾನೂನಾದವು. ಅಂದರೆ ಕೇಸು ಮೊದಲು, ನಿಯಮ ಆಮೇಲೆ.

ಇನ್ನೊಂದು ಮನೆತನದ ಬೇರು ರೋಮ್‌ನಲ್ಲಿದೆ. 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ರೋಮನ್ ಕಾನೂನನ್ನೆಲ್ಲ ಒಂದು ಕಡೆ ಕೂಡಿಹಾಕಿಸಿದ. ಐನೂರು ವರ್ಷ ಕಳೆದ ಮೇಲೆ ಇಟಲಿಯ ಬೊಲೊನ್ಯಾದಲ್ಲಿ ವಿದ್ಯಾರ್ಥಿಗಳು ಅದನ್ನು ಮತ್ತೆ ಓದಲು ಕೂತರು. ಅಲ್ಲಿಂದ ಅದು ಯುರೋಪಿನ ತುಂಬ ಹರಡಿತು. 1804ರಲ್ಲಿ ನೆಪೋಲಿಯನ್ ಕಾಲದ ಫ್ರೆಂಚ್ ಸಿವಿಲ್ ಕೋಡ್ ಬಂತು. 1900ರ ಜನವರಿ 1ರಂದು ಜರ್ಮನಿಯ ಸಿವಿಲ್ ಕೋಡ್ ಜಾರಿಯಾಯಿತು. ಅದನ್ನು ಬಿಜಿಬಿ ಅಂತ ಕರೆಯುತ್ತಾರೆ. ಇಲ್ಲಿ ನಿಯಮದ ಪುಸ್ತಕ ಮೊದಲು, ಕೇಸು ಆಮೇಲೆ. ಇಟಲಿ, ಸ್ಪೇನ್, ಬ್ರೆಜಿಲ್, ಜಪಾನ್ ಎಲ್ಲ ಇದೇ ಮನೆತನ. ಕೆನಡಾದ ಉಳಿದ ಭಾಗ ಕಾಮನ್ ಲಾ, ಆದರೆ ಕ್ವಿಬೆಕ್ ಮಾತ್ರ ಸಿವಿಲ್ ಲಾ. ಅಮೆರಿಕದಲ್ಲಿ ಲೂಸಿಯಾನ ಹಾಗೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಮ್ಮಲ್ಲೂ ಕೋಡ್ ಇದೆಯಲ್ಲ? 1860ರ ದಂಡ ಸಂಹಿತೆ ಇತ್ತು, 1872ರ ಕರಾರು ಕಾಯ್ದೆ ಇದೆ. ಎಲ್ಲ ಸೆಕ್ಷನ್ ಹಾಕಿ ಬರೆದಿಟ್ಟಿದ್ದಾರೆ. ಹಾಗಾದರೆ ನಮ್ಮದೂ ಸಿವಿಲ್ ಲಾ ಅಲ್ವಾ?

ಅಲ್ಲ. ಬ್ರಿಟಿಷರು ತಮ್ಮ ಕಾಮನ್ ಲಾವನ್ನೇ ಸೆಕ್ಷನ್ ರೂಪದಲ್ಲಿ ಬರೆದುಕೊಟ್ಟರು. ಪಾತ್ರೆ ಬೇರೆ, ಒಳಗಿನ ಪದಾರ್ಥ ಅದೇ. ಕೋರ್ಟ್ ಹಾಲಿನಲ್ಲಿ ನಿಂತು ನೋಡಿ. ವಕೀಲರು ಸೆಕ್ಷನ್ ಓದುತ್ತಾರೆ, ಜಡ್ಜ್ ಸಾಹೇಬರು “ಸೈಟೇಷನ್ ಇದೆಯಾ?” ಅಂತ, ಅಂದರೆ ಇದರ ಮೇಲೆ ಹಿಂದಿನ ತೀರ್ಪು ಇದೆಯಾ ಅಂತ ಕೇಳುತ್ತಾರೆ. ಸೆಕ್ಷನ್‌ಗೆ ಜೀವ ಬರುವುದು ತೀರ್ಪಿನಿಂದ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಎಲ್ಲ ಕೋರ್ಟುಗಳಿಗೂ ಕಡ್ಡಾಯ ಅಂತ ಸಂವಿಧಾನದ 141ನೇ ವಿಧಿಯೇ ಹೇಳುತ್ತದೆ. ಫ್ರಾನ್ಸ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿನ ಸಿವಿಲ್ ಕೋಡ್‌ನ 5ನೇ ವಿಧಿ, ಜಡ್ಜ್ ತನ್ನ ಎದುರಿಗಿರುವ ಕೇಸನ್ನಷ್ಟೇ ತೀರ್ಮಾನ ಮಾಡಬೇಕು, ಎಲ್ಲರಿಗೂ ಅನ್ವಯಿಸುವ ನಿಯಮ ಮಾಡುವ ಹಾಗಿಲ್ಲ ಅನ್ನುತ್ತದೆ. ಅಲ್ಲಿಯೂ ಮೇಲಿನ ಕೋರ್ಟಿನ ತೀರ್ಪಿಗೆ ತೂಕ ಇದೆ, ವಕೀಲರು ಓದಿಯೇ ಓದುತ್ತಾರೆ. ಆದರೆ ವಾದ ಶುರುವಾಗುವುದು ಕೋಡ್‌ನಿಂದ.

ಇದೆಲ್ಲ ಯುರೋಪಿನ ಮಾತು, ಹಾಸನದವರಿಗೆ ಏನು ಸಂಬಂಧ ಅಂತ ಅನ್ನಿಸಬಹುದು. ನಮ್ಮ ಜಿಲ್ಲೆಯ, ಚಿಕ್ಕಮಗಳೂರು ಜಿಲ್ಲೆಯ ಕಾಫಿ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಭಾರತದ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶಗಳಲ್ಲಿ ಇಟಲಿ, ಜರ್ಮನಿ ಮುಂಚೂಣಿಯಲ್ಲಿವೆ. ಎರಡೂ ಸಿವಿಲ್ ಲಾ ದೇಶಗಳು. ಮಂಗಳೂರು ಬಂದರಿನಲ್ಲಿ ಹಡಗು ಹತ್ತಿದ ಕಾಫಿಯ ಜೊತೆ ಒಂದು ಒಪ್ಪಂದವೂ ಹೋಗಿರುತ್ತದೆ. ಆ ಒಪ್ಪಂದವನ್ನು ಯಾವ ದೇಶದ ಕಾನೂನಿನ ಕಣ್ಣಲ್ಲಿ ಓದಬೇಕು ಅನ್ನುವುದರ ಮೇಲೆ ಲಕ್ಷಾಂತರ ರೂಪಾಯಿ ನಿಂತಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ನಾನು ಕಟ್ಟಿಕೊಂಡದ್ದು, ಆದರೆ ಇಂಥದ್ದು ದಿನವೂ ನಡೆಯಬಹುದು. ಚಿಕ್ಕಮಗಳೂರಿನ ಒಬ್ಬ ಕಾಫಿ ಪ್ಲಾಂಟರ್ ತಾವೇ ರಫ್ತು ಮಾಡುತ್ತಾರೆ. ಹ್ಯಾಂಬರ್ಗ್‌ನ ಖರೀದಿದಾರನ ಜೊತೆ ಅವರದು ಹಳೆಯ ವ್ಯವಹಾರ. ಇಬ್ಬರ ನಡುವಿನ ಮೂಲ ಒಪ್ಪಂದದಲ್ಲಿ ‘ನಮ್ಮ ಎಲ್ಲ ವ್ಯವಹಾರಕ್ಕೂ ಜರ್ಮನ್ ಕಾನೂನು’ ಅಂತ ಒಂದು ಸಾಲು ಇದೆ. ಸೋಮವಾರ ಇವರು ಇಮೇಲ್ ಹಾಕುತ್ತಾರೆ: ಒಂದು ಕಂಟೇನರ್ ರೊಬಸ್ಟಾ, 60 ಕೆಜಿಯ 320 ಚೀಲ, ಬೆಲೆ ಇಷ್ಟು, ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಿ. ಬುಧವಾರ ಮಾರ್ಕೆಟ್ ಜೋರಾಗಿ ಏರುತ್ತದೆ. ಇವರು ತಕ್ಷಣ ಇನ್ನೊಂದು ಇಮೇಲ್ ಹಾಕುತ್ತಾರೆ: ಆ ಬೆಲೆ ವಾಪಸ್ ತೆಗೆದುಕೊಂಡಿದ್ದೇನೆ. ಗುರುವಾರ ಖರೀದಿದಾರ ಉತ್ತರ ಬರೆಯುತ್ತಾನೆ: ಸೋಮವಾರದ ಬೆಲೆಗೆ ನನಗೆ ಒಪ್ಪಿಗೆ, ಮಾಲು ಕಳಿಸಿ.

ನಮ್ಮ ಎಲ್‌ಎಲ್‌ಬಿ ವಿದ್ಯಾರ್ಥಿಯನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಕರಾರು ಕಾಯ್ದೆ ಸೆಕ್ಷನ್ 5. ಎದುರಿನವನು ಒಪ್ಪಿಗೆ ಕಳಿಸುವ ಮೊದಲು ಪ್ರಸ್ತಾಪವನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಶುಕ್ರವಾರದವರೆಗೆ ಕಾಯುತ್ತೇನೆ ಅಂತ ಹೇಳಿದ್ದು ಬರೀ ಮಾತು. ಆ ಮಾತಿಗೆ ಖರೀದಿದಾರ ಏನೂ ಕೊಟ್ಟಿಲ್ಲ. ಪ್ರತಿಫಲ ಇಲ್ಲದ ಮಾತು ಕಟ್ಟಿಹಾಕುವುದಿಲ್ಲ. ಪ್ಲಾಂಟರ್ ಬಚಾವ್.

ಆದರೆ ಇವರ ಒಪ್ಪಂದಕ್ಕೆ ಅನ್ವಯಿಸುವುದು ಜರ್ಮನ್ ಕಾನೂನು. ಆ ಕೋಡ್ ತೆಗೆಯಿರಿ. 145ನೇ ಸೆಕ್ಷನ್ ಪ್ರಕಾರ ಪ್ರಸ್ತಾಪ ಇಟ್ಟವನು ಅದಕ್ಕೆ ಬದ್ಧ. ಬದ್ಧನಲ್ಲ ಅಂತ ಮೊದಲೇ ಹೇಳಿದ್ದರೆ ಮಾತ್ರ ಬಿಡುಗಡೆ. ಗಡುವು ಕೊಟ್ಟಿದ್ದರೆ ಆ ಗಡುವಿನೊಳಗೆ ಒಪ್ಪಿಕೊಳ್ಳಬಹುದು ಅಂತ 148ನೇ ಸೆಕ್ಷನ್ ಹೇಳುತ್ತದೆ. ಪ್ರತಿಫಲ ಅನ್ನುವ ಲೆಕ್ಕವೇ ಅಲ್ಲಿ ಇಲ್ಲ. ಮಾತು ಕೊಟ್ಟೆ, ಅದನ್ನು ನಂಬಿ ಇನ್ನೊಬ್ಬ ಕಾಯುತ್ತಿದ್ದಾನೆ, ಅಷ್ಟು ಸಾಕು.

ಇನ್ನೂ ಒಂದು ಪದರ ಇದೆ. ಜರ್ಮನ್ ಕಾನೂನು ಅಂತ ಬರೆದರೆ ಬರೀ ಜರ್ಮನ್ ಕೋಡ್ ಬರುವುದಿಲ್ಲ. ಅಂತರರಾಷ್ಟ್ರೀಯ ಮಾರಾಟಕ್ಕೆ ಅಂತ 1980ರಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದು ಆಯಿತು, ಸಿಐಎಸ್‌ಜಿ ಅಂತ ಹೆಸರು. ಜರ್ಮನಿ, ಇಟಲಿ ಅದಕ್ಕೆ ಸೇರಿವೆ. ಭಾರತ ಸೇರಿಲ್ಲ, ಇಂಗ್ಲೆಂಡೂ ಸೇರಿಲ್ಲ. ಜರ್ಮನ್ ಕಾನೂನು ಆರಿಸಿಕೊಂಡರೆ, ಬೇಡ ಅಂತ ಹೇಳದ ಹೊರತು ಸಿಐಎಸ್‌ಜಿ ತಾನಾಗಿಯೇ ಒಳಗೆ ಬರುತ್ತದೆ. ಅದರ 16ನೇ ವಿಧಿಯೂ ಗಡುವು ಹಾಕಿದ ಪ್ರಸ್ತಾಪವನ್ನು ಹಿಂದಕ್ಕೆ ಪಡೆಯಲು ಬಿಡುವುದಿಲ್ಲ. ಭಾರತದ್ದೇ ಕಾನೂನು ಅಂತ ನಂಬಿ ಬುಧವಾರದ ಇಮೇಲ್ ಬರೆದುಕೊಟ್ಟ ವಕೀಲರು ಕಕ್ಷಿದಾರರನ್ನು ನೇರವಾಗಿ ನಷ್ಟಕ್ಕೆ ತಳ್ಳಿದಂತಾಯಿತು.

ಇದನ್ನು ವಿವರಿಸುವಾಗ ಆ ಹುಡುಗಿ ತನ್ನ ನೋಟ್‌ಬುಕ್ ತೆಗೆದಳು. “ನಮ್ಮ ಅಪ್ಪ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಕೊಟ್ಟು ಸುಮ್ನಾಗ್ತಾರೆ. ಆಮೇಲೆ ಹೀಗೆಲ್ಲ ಇರುತ್ತೆ ಅಂತ ಗೊತ್ತೇ ಇರಲಿಲ್ಲ” ಅಂದಳು. ಸಿವಿಲ್ ಲಾ ಓದುವುದರಿಂದ ಸಿಗುವ ದೊಡ್ಡ ಲಾಭ ಇದೇ. ನಾವು ಸಹಜ ಅಂದುಕೊಂಡ ನಿಯಮ ಇಂಗ್ಲೆಂಡಿನಿಂದ ಬಂದ ಒಂದು ಅಭ್ಯಾಸ ಅಷ್ಟೇ ಅಂತ ಗೊತ್ತಾಗುತ್ತದೆ. ಬೇರೆಯವರು ಬೇರೆ ಅಭ್ಯಾಸದಲ್ಲಿ ಸಾವಿರ ವರ್ಷ ವ್ಯವಹಾರ ನಡೆಸಿದ್ದಾರೆ.

ಇನ್ನೊಂದು ಸಣ್ಣ ಉದಾಹರಣೆ, ನೋಟರಿಯದ್ದು. ನಮ್ಮ ಕೋರ್ಟಿನ ಹೊರಗೆ ನೋಟರಿ ಹತ್ತಿರ ಹೋದರೆ ಗುರುತಿನ ಚೀಟಿ ನೋಡುತ್ತಾರೆ, ಸಹಿ ಹಾಕಿಸುತ್ತಾರೆ, ಪುಸ್ತಕದಲ್ಲಿ ಬರೆದುಕೊಂಡು ಸೀಲ್ ಒತ್ತುತ್ತಾರೆ. ಹತ್ತು ನಿಮಿಷದ ಕೆಲಸ. ಜರ್ಮನಿಯಲ್ಲಿ ನೋಟರಿ ಅಂದರೆ ಕಾನೂನು ಓದಿ, ಪರೀಕ್ಷೆಗಳನ್ನು ದಾಟಿ, ಸರ್ಕಾರ ನೇಮಿಸಿದ ಅಧಿಕಾರಿ. ಜಮೀನಿನ ಕ್ರಯದ ಕರಾರು ಅವರ ಮುಂದೆಯೇ ಆಗಬೇಕು. ಇಡೀ ಪತ್ರವನ್ನು ಎರಡೂ ಕಡೆಯವರ ಮುಂದೆ ಅವರು ಗಟ್ಟಿಯಾಗಿ ಓದಿ ಹೇಳಬೇಕು. ಏನು ಬರೆದಿದೆ, ಅದರಿಂದ ಏನಾಗುತ್ತದೆ ಅಂತ ತಿಳಿಸಬೇಕು. ಯಾರ ಪರವೂ ಇರುವಂತಿಲ್ಲ. ನಮ್ಮಲ್ಲಿ ಓದುಬರಹ ಬಾರದ ಅಜ್ಜಿಯಂದಿರ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರಗಳ ಮೇಲೆ ವರ್ಷಗಟ್ಟಲೆ ದಾವೆ ನಡೆಸಿದ ನನಗೆ, ಈ ಓದಿ ಹೇಳುವ ನಿಯಮ ಮೊದಲ ಸಲ ಕಂಡಾಗ ಮನಸ್ಸು ತುಂಬಿ ಬಂತು. ಇದನ್ನು ತಿಳಿದಿದ್ದರೆ ಇನ್ನೊಂದು ಉಪಯೋಗವೂ ಇದೆ. ಇಟಲಿಯಿಂದ ‘ನೋಟರಿ ಪತ್ರ ಕಳಿಸಿ’ ಅಂತ ಕೇಳಿದರೆ ಅವರ ಮನಸ್ಸಿನಲ್ಲಿರುವುದು ನಮ್ಮ ಸೀಲ್ ಅಲ್ಲ. ಏನು ಬೇಕು ಅಂತ ಮೊದಲೇ ಬಿಡಿಸಿ ಕೇಳಿಕೊಳ್ಳಬಹುದು.

ಸಿವಿಲ್ ಲಾಗೆ ಸಮುದ್ರ ದಾಟಲೇಬೇಕು ಅಂತಲೂ ಇಲ್ಲ. ಪಕ್ಕದ ಗೋವಾದಲ್ಲೇ ಇದೆ. ಪೋರ್ಚುಗಲ್‌ನ 1867ರ ಸಿವಿಲ್ ಕೋಡ್ 1870ರಿಂದ ಅಲ್ಲಿ ಜಾರಿಗೆ ಬಂತು. 1961ರಲ್ಲಿ ಗೋವಾ ಭಾರತಕ್ಕೆ ಸೇರಿತು, ಮರುವರ್ಷದ ಕಾಯ್ದೆ ಹಳೆಯ ಕಾನೂನನ್ನು ಮುಂದುವರಿಸಿತು. ಪೋರ್ಚುಗಲ್ ತಾನೇ 1966ರಲ್ಲಿ ಹೊಸ ಕೋಡ್ ಮಾಡಿಕೊಂಡಿತು, ಗೋವಾದಲ್ಲಿ ಹಳೆಯದೇ ಉಳಿಯಿತು. ಉತ್ತರಾಧಿಕಾರದ ಭಾಗಕ್ಕೆ ಗೋವಾ 2012ರಲ್ಲಿ ತನ್ನದೇ ಕಾಯ್ದೆ ಮಾಡಿದೆ, ಆದರೆ ತತ್ವ ಅದೇ ಹಳೆಯದು. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿ ಆಸ್ತಿಯಲ್ಲಿ ಸಮಪಾಲುದಾರರು. ಮಕ್ಕಳಿದ್ದರೆ ತನ್ನ ಪಾಲಿನ ಅರ್ಧವನ್ನಷ್ಟೇ ಇಷ್ಟ ಬಂದವರಿಗೆ ವಿಲ್ ಬರೆಯಬಹುದು, ಇನ್ನರ್ಧ ಮಕ್ಕಳಿಗೆ ಕಟ್ಟಿಟ್ಟದ್ದು. ನಮ್ಮಲ್ಲಿ ಹಿಂದೂಗಳು ಸ್ವಂತ ದುಡಿಮೆಯ ಆಸ್ತಿಯನ್ನು ಪೂರ್ತಿ ಯಾರಿಗೆ ಬೇಕಾದರೂ ವಿಲ್ ಬರೆದಿಡಬಹುದು. ಎಷ್ಟು ಅಂತರ ನೋಡಿ.

2019ರಲ್ಲಿ ಸುಪ್ರೀಂ ಕೋರ್ಟ್ ಜೋಸ್ ಪಾವ್ಲೊ ಕುಟಿನ್ಹೊ ಕೇಸಿನಲ್ಲಿ ಒಂದು ಮುಖ್ಯ ಮಾತು ಹೇಳಿತು. ಗೋವಾದ ನಿವಾಸಿಯ ಆಸ್ತಿ ಭಾರತದಲ್ಲಿ ಗೋವಾದ ಹೊರಗಿದ್ದರೂ ಅದರ ಉತ್ತರಾಧಿಕಾರಕ್ಕೆ ಅನ್ವಯಿಸುವುದು ಪೋರ್ಚುಗೀಸ್ ಕೋಡ್ ಅಂತ. ಅಂದರೆ ಗೋವಾದವರೊಬ್ಬರು ಮೂಡಿಗೆರೆಯಲ್ಲಿ ತೋಟ ಕೊಂಡು ತೀರಿಹೋದರೆ, ಆ ತೋಟದ ಹಂಚಿಕೆಗೆ ಬೇಕಾಗುವುದು ನಮ್ಮ ವಕೀಲರು ಕಾಲೇಜಿನಲ್ಲಿ ಓದದ ಕಾನೂನು. ಮಲೆನಾಡಿನಲ್ಲಿ ಹೊರಗಿನವರು ತೋಟ, ಹೋಮ್‌ಸ್ಟೇ ಕೊಳ್ಳುವುದು ಹೊಸದೇನಲ್ಲ. ಇಂಥ ಪ್ರಶ್ನೆ ಯಾರ ಟೇಬಲ್ ಮೇಲಾದರೂ ಬರಬಹುದು.

ಈಗ ಓದುವ ರೀತಿಗೆ ಬರೋಣ. ಕಾಮನ್ ಲಾ ಕಲಿತವರಿಗೆ ಸಿವಿಲ್ ಲಾ ಶುರುವಿನಲ್ಲಿ ಕಷ್ಟ ಅನ್ನಿಸುವುದು ಇಲ್ಲೇ. ನಮಗೆ ಸಮಸ್ಯೆ ಕೊಟ್ಟರೆ ಕೈ ಹೋಗುವುದು ತೀರ್ಪಿನ ಕಡೆ. ಜರ್ಮನ್ ವಿದ್ಯಾರ್ಥಿಗೆ ಮೊದಲ ದಿನವೇ ಒಂದು ಸೂತ್ರ ಕಲಿಸುತ್ತಾರೆ: ಯಾರು, ಯಾರಿಂದ, ಏನನ್ನು, ಯಾವ ಆಧಾರದ ಮೇಲೆ ಕೇಳುತ್ತಿದ್ದಾರೆ? ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಮುಂದೆ ಹೋಗುವಂತಿಲ್ಲ. ನಾಲ್ಕನೆಯದಕ್ಕೆ ಉತ್ತರ ಒಂದು ಸೆಕ್ಷನ್ ಆಗಿರಬೇಕು.

ಬಿಜಿಬಿಯಲ್ಲಿ 2,385 ಸೆಕ್ಷನ್, ಐದು ಪುಸ್ತಕ. ಮೊದಲನೆಯದು ಎಲ್ಲಕ್ಕೂ ಅನ್ವಯಿಸುವ ಸಾಮಾನ್ಯ ಭಾಗ. ಆಮೇಲೆ ಋಣ ಮತ್ತು ಕರಾರು, ಆಸ್ತಿ, ಕುಟುಂಬ, ಉತ್ತರಾಧಿಕಾರ. ಸಿಐಎಸ್‌ಜಿ ಬೇಡ ಅಂತ ಬರೆದುಕೊಂಡ ಒಂದು ಕಾಫಿ ಮಾರಾಟದಲ್ಲಿ ಬೀಜಕ್ಕೆ ಬೂಷ್ಟು ಬಂದಿದೆ ಅಂತ ದೂರು ಬಂತು ಅಂದುಕೊಳ್ಳಿ. 433ರಲ್ಲಿ ಮಾರಾಟ ಅಂದರೇನು ಅಂತ ಇದೆ. 434ರಲ್ಲಿ ಮಾಲಿನ ದೋಷ ಅಂದರೇನು ಅಂತ ಇದೆ. 437 ಕೊಂಡವನ ಹಕ್ಕುಗಳ ಪಟ್ಟಿ. ಅದು 439ಕ್ಕೆ ಕಳಿಸುತ್ತದೆ: ಮಾರಿದವನಿಗೆ ಮೊದಲು ಸರಿಪಡಿಸುವ ಅವಕಾಶ ಕೊಡಬೇಕು. ಪರಿಹಾರ ಬೇಕೆಂದರೆ 280ಕ್ಕೆ ಹಿಂದೆ ಹೋಗಬೇಕು. ಇಬ್ಬರೂ ವ್ಯಾಪಾರಿಗಳಾದ್ದರಿಂದ ವಾಣಿಜ್ಯ ಕೋಡ್‌ನ 377 ಕೂಡ ನೋಡಬೇಕು. ಮಾಲು ಬಂದ ಕೂಡಲೇ ಪರೀಕ್ಷೆ ಮಾಡಿ ತಡ ಮಾಡದೆ ದೂರು ಹೇಳದಿದ್ದರೆ ಕೊಂಡವನ ಹಕ್ಕು ಹೋಗುತ್ತದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟು ಆಮೇಲೆ ಬೂಷ್ಟು ಅಂದರೆ ನಡೆಯುವುದಿಲ್ಲ. ಹೀಗೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುತ್ತಾ ಹೋಗುವುದೇ ಅಲ್ಲಿನ ವಿದ್ಯೆ. ಇದನ್ನು ಕಲಿತವರು ವಾಪಸ್ ಬಂದು ನಮ್ಮ ಕರಾರು ಕಾಯ್ದೆ ಓದಿದರೂ ಓದುವ ರೀತಿ ಬದಲಾಗಿರುತ್ತದೆ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಹಾಗಾದರೆ ಆನ್‌ಲೈನ್ ಪದವಿ ಮಾಡಬೇಕಾ? ಇಲ್ಲಿ ಹುಷಾರಾಗಿರಬೇಕು.

ಮೊದಲನೆಯದು ಸನ್ನದಿನ, ಅಂದರೆ ವಕೀಲಿ ಮಾಡುವ ಪರವಾನಗಿಯ ವಿಷಯ. ನಮ್ಮ ದೇಶದಲ್ಲಿ ವಕೀಲಿ ಮಾಡಲು 1961ರ ವಕೀಲರ ಕಾಯ್ದೆಯಡಿ ನೋಂದಣಿ ಬೇಕು. ಅದಕ್ಕೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ, ತರಗತಿಗೆ ಹೋಗಿ ಓದಿದ ಕಾನೂನು ಪದವಿಯೇ ಆಗಬೇಕು. ಮನೆಯಲ್ಲಿ ಕೂತು ದೂರಶಿಕ್ಷಣದಲ್ಲಿ ಮಾಡಿದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. ಆದ್ದರಿಂದ ಹೊರದೇಶದ ಆನ್‌ಲೈನ್ ಪದವಿ ಇಲ್ಲಿನ ಎಲ್‌ಎಲ್‌ಬಿಯ ಜಾಗಕ್ಕೆ ಬರಲಾರದು. ಎಲ್‌ಎಲ್‌ಬಿ ಮುಗಿಸಿ ಅದರ ಮೇಲೆ ಸೇರಿಸಿಕೊಳ್ಳುವ ಓದು ಅಷ್ಟೇ ಅದು.

ಎರಡನೆಯದು, ಆ ದೇಶದಲ್ಲಿ ವಕೀಲಿ. ಸಿವಿಲ್ ಲಾ ಪದವಿ ಇದ್ದರೆ ಜರ್ಮನಿಯಲ್ಲೋ ಫ್ರಾನ್ಸ್‌ನಲ್ಲೋ ಕೋರ್ಟಿಗೆ ಹೋಗಬಹುದು ಅಂತ ಕೆಲವರು ಅಂದುಕೊಂಡಿರುತ್ತಾರೆ. ಜರ್ಮನಿಯಲ್ಲಿ ಎರಡು ರಾಜ್ಯ ಪರೀಕ್ಷೆ ಪಾಸಾಗಬೇಕು, ನಡುವೆ ಎರಡು ವರ್ಷ ತರಬೇತಿ ಇದೆ, ಎಲ್ಲವೂ ಜರ್ಮನ್ ಭಾಷೆಯಲ್ಲಿ. ಒಂದು ವರ್ಷದ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಅದರ ಬದಲಿ ಅಲ್ಲ. ಕ್ವಿಬೆಕ್‌ನಲ್ಲಿ ಅಲ್ಲಿನ ಬಾರ್, ಅಂದರೆ ವಕೀಲರ ಸಂಸ್ಥೆ, ತಾನೇ ಪದವಿಗಳನ್ನು ತೂಗಿ ನೋಡುತ್ತದೆ, ಫ್ರೆಂಚ್ ಬರಲೇಬೇಕು. ಕೆನಡಾಕ್ಕೆ ಹೋಗಬೇಕು ಅಂತ ಸಿವಿಲ್ ಲಾ ಓದಲು ಹೊರಡುವವರಿಗೆ ಒಂದು ಮಾತು: ಟೊರಾಂಟೊ, ವ್ಯಾಂಕೂವರ್ ಕಡೆ ವಕೀಲರಾಗಲು ಸಿವಿಲ್ ಲಾ ಬೇಕಿಲ್ಲ. ಅವು ಕಾಮನ್ ಲಾ ಪ್ರಾಂತ್ಯಗಳು. ನಮ್ಮ ಎಲ್‌ಎಲ್‌ಬಿಯನ್ನು ಅಲ್ಲಿನ ಎನ್‌ಸಿಎ ಅನ್ನುವ ಸಮಿತಿ ಪರಿಶೀಲಿಸಿ, ಯಾವ ಪರೀಕ್ಷೆ ಬರೆಯಬೇಕು ಅಂತ ಹೇಳುತ್ತದೆ.

ಮೂರನೆಯದು, ಕೈಗೆ ಬರುವ ಕಾಗದ ಯಾವುದು. ಇಲ್ಲಿ ನನಗೇ ಪೆಟ್ಟು ಬಿದ್ದಿದೆ. ಕೆಲವು ವರ್ಷದ ಹಿಂದೆ ಹೊರದೇಶದ ಒಂದು ಸಂಸ್ಥೆಯ ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಪಾಠ ಚೆನ್ನಾಗಿತ್ತು. ಆದರೆ ಪದವಿ ಅಂತ ನಂಬಿ ಫೀಸು ಕಟ್ಟಿದ್ದೆ, ಕೊನೆಯಲ್ಲಿ ಬಂದದ್ದು ಕೋರ್ಸ್ ಮುಗಿಸಿದ ಸರ್ಟಿಫಿಕೇಟ್. ಅರ್ಜಿಯ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿದ್ದರು, ನಾನು ಓದಿರಲಿಲ್ಲ. ಕಕ್ಷಿದಾರರಿಗೆ ದಿನವೂ ‘ಓದಿ ಸಹಿ ಹಾಕಿ’ ಅನ್ನುವ ನನಗೆ ಅದು ತುಂಬಾ ನೋವಾಯಿತು. ಅದಕ್ಕೇ ಹುಡುಗಿಗೆ ಹೇಳಿದೆ: ಫೀಸು ಕಟ್ಟುವ ಮೊದಲು ಇಮೇಲ್‌ನಲ್ಲಿ ಕೇಳು, ಉತ್ತರವನ್ನೂ ಬರಹದಲ್ಲೇ ತೆಗೆದುಕೋ. ಇದು ಪದವಿಯಾ, ಡಿಪ್ಲೊಮಾನಾ, ಸರ್ಟಿಫಿಕೇಟಾ? ಆ ದೇಶದ ಸರ್ಕಾರ ಈ ಯೂನಿವರ್ಸಿಟಿಗೆ ಪದವಿ ಕೊಡುವ ಅಧಿಕಾರ ಕೊಟ್ಟಿದೆಯಾ? ಪರೀಕ್ಷೆಗೆ ಅಲ್ಲಿಗೆ ಹೋಗಬೇಕಾ? ಆ ದೇಶದ ಯಾವುದಾದರೂ ಬಾರ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದಾ? ಮುಂದೆ ಇಲ್ಲಿ ಪಾಠ ಮಾಡುವ ಆಸೆ ಇದ್ದರೆ, ಅದಕ್ಕೆ ಈ ಕಾಗದ ನಡೆಯುತ್ತದಾ ಅಂತ ಯುಜಿಸಿ ನಿಯಮ ನೋಡಬೇಕು.

ಸಮಯದ ಲೆಕ್ಕವನ್ನೂ ಮೊದಲೇ ಹಾಕಬೇಕು. ಪ್ಯಾರಿಸ್‌ನಲ್ಲಿ ಸಂಜೆ 6ಕ್ಕೆ ಲೈವ್ ಕ್ಲಾಸ್ ಇದ್ದರೆ ನಮಗೆ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಅದನ್ನು ಹೇಗಾದರೂ ನಿಭಾಯಿಸಬಹುದು. ಮಾಂಟ್ರಿಯಲ್‌ನಲ್ಲಿ ಸಂಜೆ 6 ಅಂದರೆ ನಮಗೆ ಬೆಳಗಿನ ಜಾವ 3:30 ಅಥವಾ 4:30. ಬೆಳಗ್ಗೆ ಕೋರ್ಟಿಗೆ ಹೋಗುವವರಿಗೆ ಆಗದ ಮಾತು. ಸಕಲೇಶಪುರದ ಕಡೆ ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಪಾಠದ ರೆಕಾರ್ಡಿಂಗ್ ಸಿಗುವ ಕೋರ್ಸನ್ನೇ ಆರಿಸಿಕೊಳ್ಳಬೇಕು.

ಭಾಷೆಯದ್ದು ದೊಡ್ಡ ವಿಷಯ. ಇಂಗ್ಲಿಷ್‌ನಲ್ಲಿ ಮಾತ್ರ ಓದಬಲ್ಲವರಿಗೆ ನನ್ನ ಸಲಹೆ, ಕ್ವಿಬೆಕ್ ಇಲ್ಲವೇ ಲೂಸಿಯಾನದಿಂದ ಶುರು ಮಾಡಿ. ಕ್ವಿಬೆಕ್‌ನ ಸಿವಿಲ್ ಕೋಡ್ 1994ರ ಜನವರಿ 1ರಂದು ಜಾರಿಗೆ ಬಂದದ್ದು, 3,168 ವಿಧಿಗಳು. ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಅಧಿಕೃತ. ಜರ್ಮನ್ ಕೋಡ್‌ನ ಇಂಗ್ಲಿಷ್ ಅನುವಾದವನ್ನು ಅಲ್ಲಿನ ನ್ಯಾಯ ಇಲಾಖೆಯೇ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಹಾಕಿದೆ. ಆದರೆ ವಿವಾದ ಬಂದಾಗ ನಡೆಯುವುದು ಮೂಲ ಭಾಷೆಯ ಪಠ್ಯ. ಎರಡೂ ಮನೆತನವನ್ನು ಒಟ್ಟಿಗೆ ಕಲಿಸುವ ಹಳೆಯ ಜಾಗಗಳೂ ಇವೆ. ಮಾಂಟ್ರಿಯಲ್‌ನ ಮೆಕ್‌ಗಿಲ್, ಒಟ್ಟಾವ ಯೂನಿವರ್ಸಿಟಿ, ನ್ಯೂ ಆರ್ಲಿಯನ್ಸ್‌ನ ಟ್ಯುಲೇನ್. ಅಲ್ಲಿನ ಪ್ರೊಫೆಸರ್‌ಗಳು ಬರೆದದ್ದನ್ನು ಓದಿದರೂ ಬಹಳ ತಿಳಿಯುತ್ತದೆ.

ಯಾರಿಗೆ ಇದು ಬೇಕು? ರಫ್ತುದಾರರ ಒಪ್ಪಂದ ನೋಡುವವರಿಗೆ, ಅಂತರರಾಷ್ಟ್ರೀಯ ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ನಡೆಯುವ ತೀರ್ಮಾನ) ಕಡೆ ಹೋಗುವವರಿಗೆ, ಗೋವಾ ಆಸ್ತಿಯ ಕೆಲಸ ಬರುವವರಿಗೆ, ಕಾನೂನು ಪಾಠ ಮಾಡುವವರಿಗೆ. ಬರೀ ಇಲ್ಲಿನ ಭಾಗದ ದಾವೆ, ಚೆಕ್ ಬೌನ್ಸ್ ನಡೆಸುವವರು ಆ ದುಡ್ಡನ್ನು ಒಳ್ಳೆ ಪುಸ್ತಕಕ್ಕೂ ಸೀನಿಯರ್ ಹತ್ತಿರ ಕಲಿಯುವುದಕ್ಕೂ ಹಾಕಿದರೆ ಜಾಸ್ತಿ ಪ್ರಯೋಜನ. ಹುಡುಗಿಗೂ ಇದನ್ನೇ ಹೇಳಿದೆ. ಮೊದಲು ಎಲ್‌ಎಲ್‌ಬಿ ಮುಗಿಸು, ಸನ್ನದು ತೆಗೆದುಕೋ, ಆಲ್ ಇಂಡಿಯಾ ಬಾರ್ ಪರೀಕ್ಷೆ ಬರಿ. ಒಂದೆರಡು ವರ್ಷ ಕೋರ್ಟಿನಲ್ಲಿ ನಿಲ್ಲು. ಆಗಲೂ ಆಸೆ ಹಾಗೇ ಇದ್ದರೆ ಸೇರು.

ಅಲ್ಲಿಯವರೆಗೆ ಸುಮ್ನೆ ಕಾಯಬೇಕಿಲ್ಲ ಅಂತ ಒಂದು ಕೆಲಸವನ್ನೂ ಕೊಟ್ಟು ಕಳಿಸಿದೆ. ಒಂದು ಕಡೆ ನಮ್ಮ ಕರಾರು ಕಾಯ್ದೆಯ ಸೆಕ್ಷನ್ 5 ಇಟ್ಟುಕೋ. ಇನ್ನೊಂದು ಕಡೆ ಕ್ವಿಬೆಕ್ ಕೋಡ್‌ನ 1390ನೇ ವಿಧಿ ತೆಗೆ. ಗಡುವು ಹಾಕಿದ ಪ್ರಸ್ತಾಪಕ್ಕೆ ಅದು ಒಂದು ಉತ್ತರ ಕೊಡುತ್ತದೆ, ಗಡುವಿಲ್ಲದ ಪ್ರಸ್ತಾಪಕ್ಕೆ ಇನ್ನೊಂದು. ಎರಡನೆಯದು ನಮ್ಮದಕ್ಕೆ ಬಹಳ ಹತ್ತಿರ. ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ, ಯಾಕೆ ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಂಡು ಬಾ ಅಂದೆ. ಮುಂದಿನ ವಾರ ಮೂರು ಪುಟ ಬರೆದುಕೊಂಡು ಬಂದಳು. ಕೊನೆಯ ಪುಟದಲ್ಲಿ ಅವಳ ಅಪ್ಪ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಕೊಟ್ಟಾಗ ಬಂದ ಚೀಟಿಯ ಜೆರಾಕ್ಸ್ ಅಂಟಿಸಿದ್ದಳು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ಇದರಲ್ಲಿ ಪ್ರಸ್ತಾಪ ಯಾವುದು, ಒಪ್ಪಿಗೆ ಯಾವುದು?